ದೂರ ಗೊತ್ತು, ಹೊತ್ತು ಗೊತ್ತಿಲ್ಲ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ವಾಯುಮಾರ್ಗದಲ್ಲಿ ಎಷ್ಟು ದೂರ ಎಂದು ಕೇಳಿದರೆ ಇಂದು ಕ್ಷಣದಲ್ಲಿ ಉತ್ತರ ಸಿಗುತ್ತದೆ: ಸುಮಾರು 458 ಕಿ.ಮೀ. ಈ ಸುಲಭದ ಹಿಂದೆ ಹಲವು ತಲೆಮಾರುಗಳ ದುಡಿಮೆಯಿದೆ. 1802ರಲ್ಲಿ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಬಳಿ ತ್ರಿಕೋನಮಾಪನ ಆರಂಭಿಸಿದ. 1830ರಲ್ಲಿ ಅದೇ ಕೆಲಸ ಮುಂದುವರಿಸಿದ ಜಾರ್ಜ್ ಎವರೆಸ್ಟ್ ಭೂಮಿಯ ಆಕಾರಕ್ಕೆ ಅಳತೆಗಳನ್ನು ಕೊಟ್ಟ. ನಾವಿಕರು ಗೋಳದ ಮೇಲಿನ ದೂರ ಲೆಕ್ಕ ಹಾಕಲು ಹ್ಯಾವರ್‌ಸೈನ್ ಕೋಷ್ಟಕಗಳನ್ನು ಬಳಕೆಗೆ ತಂದರು. ಭೂಮಿ ಪೂರ್ಣ ಗೋಳವಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿದು 1975ರಲ್ಲಿ ಭೂಮಾಪನ ತಜ್ಞ ವಿನ್ಸೆಂಟಿ ಕೊಟ್ಟ ಸೂತ್ರ ದೂರವನ್ನು ಮಿಲಿಮೀಟರಿನವರೆಗೆ ಬಿಗಿಗೊಳಿಸಿತು. ಭೂಮಿಯನ್ನು ಪೂರ್ಣ ಗೋಳವೆಂದೇ ಹಿಡಿದರೂ ಈ ಮಾರ್ಗದಲ್ಲಿ ಹೆಚ್ಚು ಬರುವುದು ಒಂದೂವರೆ ಕಿ.ಮೀ. ಮಾತ್ರ. ಎಟಿಆರ್ ಎಂಬ ಸಣ್ಣ ಪ್ರೊಪೆಲರ್ ವಿಮಾನಕ್ಕೆ ಅದು ಹತ್ತು ಹನ್ನೆರಡು ಸೆಕೆಂಡಿನ ಹಾದಿ. ದೂರದ ಲೆಕ್ಕದಲ್ಲಿ ಇನ್ನು ಹೇಳಿಕೊಳ್ಳುವಂಥ ಕೆಲಸ ಉಳಿದಿಲ್ಲ.

ಹೊತ್ತಿನ ಲೆಕ್ಕ ಮಾತ್ರ ಹಿಂದೆಯೇ ಉಳಿದಿದೆ. ದೂರವನ್ನು ವೇಗದಿಂದ ಭಾಗಿಸಿ, ಮೇಲೆ ಅರ್ಧ ಗಂಟೆ ಕೂಡಿಸಿ ಹಾರಾಟದ ಅವಧಿ ಇಷ್ಟೆಂದು ಹೇಳಿಬಿಡುವುದು ಈಗ ರೂಢಿಯಾಗಿದೆ. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡಲು 2016ರಲ್ಲಿ ಬಂದ ಉಡಾನ್ ಯೋಜನೆ ಕೂಡ ಸುಮಾರು 500 ಕಿ.ಮೀ. ಎಂದರೆ ಒಂದು ಗಂಟೆ ಎಂದೇ ಹಿಡಿದು ಟಿಕೆಟ್ ದರಕ್ಕೆ 2,500 ರೂಪಾಯಿಯ ಮಿತಿ ಹಾಕಿತು. ದರಕ್ಕೆ ಅಂಥ ಸರಳ ಸಮೀಕರಣ ಬೇಕಿತ್ತು, ಒಪ್ಪೋಣ. ಪ್ರಯಾಣಿಕರ ಹೊತ್ತಿಗೆ ಅದು ಸಾಲದು. ವಿಮಾನಯಾನದವರು ದಶಕಗಳಿಂದ ನೆಚ್ಚಿಕೊಂಡಿರುವುದು ಬ್ಲಾಕ್ ಟೈಮನ್ನು, ಅಂದರೆ ಚಕ್ರದ ಅಡೆ ತೆಗೆದು ವಿಮಾನ ಕದಲಿದಲ್ಲಿಂದ ಇನ್ನೊಂದು ನಿಲ್ದಾಣದಲ್ಲಿ ಮತ್ತೆ ಅಡೆ ಇಡುವವರೆಗಿನ ಅವಧಿಯನ್ನು. ಸರಿಯಾದ ಅಳತೆ ಅದೊಂದೇ. ದೂರ ಅಷ್ಟೇ ಇದ್ದರೂ ಹೊತ್ತು ನಿಲ್ದಾಣಕ್ಕೆ ತಕ್ಕಂತೆ ಬದಲಾಗುತ್ತದೆ. ಮಂಡಕಳ್ಳಿಯ ರನ್‌ವೇ 1,740 ಮೀಟರ್. ಏರ್‌ಬಸ್ 320ರಂಥ ಜೆಟ್‌ಗೆ ಅದು ಸಾಲದು, ಎಟಿಆರ್‌ಗೆ ಸಾಕು. ಗಂಟೆಗೆ 830 ಕಿ.ಮೀ. ಹೋಗುವ ಜೆಟ್‌ಗೆ ಮೂವತ್ಮೂರು ನಿಮಿಷದ ಹಾದಿ, 500ರ ಆಸುಪಾಸಿನಲ್ಲಿ ಹೋಗುವ ಎಟಿಆರ್‌ಗೆ ಐವತ್ತೈದು ನಿಮಿಷವಾಗುತ್ತದೆ. ಈ ಇಪ್ಪತ್ತೆರಡು ನಿಮಿಷವನ್ನು ತೀರ್ಮಾನಿಸಿದ್ದು ರನ್‌ವೇಯ ಉದ್ದ. ಗಾಳಿಗೂ ಪಾಲಿದೆ: ವಿಮಾನ ಗಾಳಿಗೆದುರಾಗಿ ಇಳಿಯುವುದರಿಂದ ಸಾಂಬ್ರಾದಲ್ಲಿ ಪಡುವಣ ಗಾಳಿ ಬೀಸುತ್ತಿದ್ದರೆ ಪೂರ್ವದ ತುದಿಯಿಂದ ಇಳಿಯಬೇಕು; ಮೂಡಣ ಗಾಳಿಯಾದರೆ ಪಶ್ಚಿಮಕ್ಕೆ ಸುತ್ತಿ ಬರಬೇಕು. ಸಮಾನಾಂತರ ಟ್ಯಾಕ್ಸಿವೇ ಇಲ್ಲದ ಸಣ್ಣ ನಿಲ್ದಾಣಗಳಲ್ಲಿ ಇಳಿದ ವಿಮಾನ ರನ್‌ವೇಯಲ್ಲೇ ತಿರುಗಿ ಬರುವಾಗ ಮುಂದಿನದು ಕಾಯಬೇಕು.

ಇಷ್ಟು ಸಣ್ಣ ಮಾರ್ಗಕ್ಕೆ ಇಷ್ಟೊಂದು ಲೆಕ್ಕ ಯಾಕೆ ಎಂದು ಕೇಳುವವರಿದ್ದಾರೆ. ಮಾರ್ಗ ಸಣ್ಣದಾದಷ್ಟೂ ನೆಲದ ಮೇಲೆ ಕಳೆಯುವ ಹೊತ್ತಿನ ಪಾಲು ದೊಡ್ಡದಾಗುತ್ತದೆ. ದೆಹಲಿಗೆ ಹೋಗುವಾಗ ಲೆಕ್ಕಕ್ಕೇ ಬಾರದ ಹದಿನೈದು ನಿಮಿಷ ಇಲ್ಲಿ ಪ್ರಯಾಣದ ಕಾಲು ಭಾಗ. ವೇಳಾಪಟ್ಟಿ ಇದೆಯಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ವೇಳಾಪಟ್ಟಿಯಲ್ಲಿರುವುದು ಕಂಪನಿ ತಡವಾದೀತೆಂದು ಮುಂಚೆಯೇ ಸಡಿಲ ಬಿಟ್ಟುಕೊಂಡ ಅಂದಾಜು; ನಿಜವಾಗಿ ಹಿಡಿದ ಹೊತ್ತು ಬೇರೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪ್ರತಿ ತಿಂಗಳು ಸಮಯಪಾಲನೆಯ ಅಂಕಿಅಂಶ ಪ್ರಕಟಿಸುತ್ತದೆ, ಆದರೆ ಅದು ದೊಡ್ಡ ಮೆಟ್ರೊ ನಿಲ್ದಾಣಗಳದ್ದು. 2019ರಲ್ಲಿ ಕಲಬುರಗಿ, 2020ರಲ್ಲಿ ಬೀದರ್, 2023ರಲ್ಲಿ ಶಿವಮೊಗ್ಗ ನಿಲ್ದಾಣಗಳು ತೆರೆದವು. ಇಂಥ ಊರುಗಳ ನಡುವಿನ ನಿಜವಾದ ಬ್ಲಾಕ್ ಟೈಮನ್ನೂ ತಿಂಗಳು ತಿಂಗಳು ಪ್ರಕಟಿಸಬೇಕು. ಕಂಪನಿಗಳು ಅದನ್ನು ಪ್ರತಿ ಹಾರಾಟಕ್ಕೂ ಬರೆದಿಡುತ್ತವೆ; ಕೇಳಿ ಪಡೆಯುವ ಕೆಲಸ ಸರ್ಕಾರದ್ದು.