ತಲೆಯ ಪೆಟ್ಟು ಮತ್ತು ಮೊದಲ ಗಳಿಗೆ

ಪುತ್ತೂರು, ಸುಳ್ಯ, ಕಡಬಗಳು ಅಡಕೆಯ ಸೀಮೆ. ಕೊಳೆರೋಗವನ್ನು ತಡೆಯಲೆಂದು ಮಳೆಗಾಲದಲ್ಲಿ ಜಾರುವ ಮರವನ್ನೇರಿ ಮೈಲುತುತ್ತದ ದ್ರಾವಣವನ್ನು ಸಿಂಪಡಿಸುವವರಿಗೆ ಬೀಳುವ ಭಯ ಹೊಸತಲ್ಲ. ಹಾಗೆ ಬಿದ್ದು ತಲೆಗೆ ಪೆಟ್ಟಾದವನನ್ನು ಉಳಿಸುವ ವಿದ್ಯೆ ಹೇಗೆ ಬೆಳೆಯಿತೆಂಬುದನ್ನು ನಾವು ಇಲ್ಲಿ ವಿಚಾರಮಾಡೋಣ.

ಈ ವಿದ್ಯೆಯ ಬೇರು ಬಹು ಪುರಾತನವಾದುದು. ಕಾಶ್ಮೀರದ ಬುರ್ಜಹೋಮಿನಲ್ಲಿ ರಂಧ್ರ ಕೊರೆದ ನವಶಿಲಾಯುಗದ ತಲೆಬುರುಡೆ ದೊರೆತಿದೆ. ಸುಶ್ರುತನು ಶಿರಸ್ಸಿನ ಮರ್ಮಗಳನ್ನು ಎಣಿಸಿ ಎಚ್ಚರಿಸಿದ್ದಾನೆ. ಆದರೆ ನಮ್ಮ ದೇಶದಲ್ಲಿ ನರಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ವಿಭಾಗ ಆರಂಭವಾದುದು 1949ರಲ್ಲಿ, ವೆಲ್ಲೂರಿನಲ್ಲಿ. ಅದರ ಕರ್ತೃ ಡಾಕ್ಟರ್ ಜೇಕಬ್ ಚಾಂಡಿ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು. ಸುಳ್ಯದ ತೋಟದಲ್ಲಿ ಬಿದ್ದವನಿಗೆ ವೆಲ್ಲೂರು ಇದ್ದೂ ಇಲ್ಲದಂತೆ! 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1958ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಈಗಿನ ನಿಮ್ಹಾನ್ಸಿನಲ್ಲಿ, ಡಾಕ್ಟರ್ ಆರ್. ಎಂ. ವರ್ಮರು ಇಂಥ ವಿಭಾಗವನ್ನು ಕಟ್ಟಿದರು. ಆದರೂ ನಡುವೆ ಘಟ್ಟವಿತ್ತು.

1971ರಲ್ಲಿ ಲಂಡನ್ನಿನಲ್ಲಿ ಸಿ.ಟಿ. ಯಂತ್ರವು ಬುರುಡೆಯನ್ನು ತೆರೆಯದೆಯೇ ಒಳಗಿನ ರಕ್ತಗಡ್ಡೆಯನ್ನು ತೋರಬಲ್ಲುದಾಯಿತು. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬುವರು ಪ್ರಜ್ಞೆಯನ್ನು ಅಂಕಗಳಲ್ಲಿ ಅಳೆದರು: 15 ಪೂರ್ಣ ಎಚ್ಚರ, 8 ಅಥವಾ ಕೆಳಗಾದರೆ ಪೆಟ್ಟು ತೀವ್ರ.

ಇದಕ್ಕಿಂತ ಮುಖ್ಯವಾಗಿ ತಿಳಿದುಬಂದುದೇನೆಂದರೆ, ಮಿದುಳಿಗೆ ಹಾನಿ ಎರಡು ಬಾರಿ ಆಗುತ್ತದೆ. ಮೊದಲನೆಯದು ಬಿದ್ದ ಕ್ಷಣದಲ್ಲಿ. ಅದನ್ನು ಯಾರೂ ಹಿಂದಿರುಗಿಸಲಾರರು. ಎರಡನೆಯದು ಉಸಿರು ಕಟ್ಟಿ, ರಕ್ತದ ಒತ್ತಡ ಕುಗ್ಗಿ, ಬುರುಡೆಯೊಳಗೆ ಬಾವು ಏರಿದಾಗ, ಇದನ್ನು ತಡೆಯಬಹುದು. ಬಾವಿಗೆಂದು ಬಹುಕಾಲ ಕೊಡುತ್ತಿದ್ದ ಸ್ಟಿರಾಯ್ಡ್ ಔಷಧದಿಂದ ಸಾವು ಹೆಚ್ಚುವುದೆಂದು 10,000ಕ್ಕೂ ಮೀರಿದ ರೋಗಿಗಳ ಪರೀಕ್ಷೆ 2004ರಲ್ಲಿ ತೋರಿಸಿತು. ಮದ್ದಿಗಿಂತ ಉಸಿರೇ ಮೊದಲೆಂದು ಸಿದ್ಧವಾಯಿತು.

ಮಂಗಳೂರು ಪುತ್ತೂರಿನಿಂದ ಸುಮಾರು 50 ಕಿಲೋಮೀಟರು. ಸುಳ್ಯದಿಂದ 80ಕ್ಕೂ ಹೆಚ್ಚು. ಆದುದರಿಂದ ಮೊದಲ ಗಳಿಗೆ ವೈದ್ಯನದಲ್ಲ, ತೋಟದಲ್ಲಿರುವ ನಮ್ಮದು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು, ಎಬ್ಬಿಸಿ ಕೂರಿಸಬಾರದು, ಕೊರಳು ಹೊರಳದಂತೆ ಹಿಡಿಯಬೇಕು. ವಾಂತಿಯಾದರೆ ತಲೆ, ಕೊರಳು, ಮೈಗಳನ್ನು ಒಟ್ಟಾಗಿ ಪಕ್ಕಕ್ಕೆ ಹೊರಳಿಸಬೇಕು. 2008ರಿಂದ ನಮ್ಮ ರಾಜ್ಯದಲ್ಲಿರುವ 108 ವಾಹನವನ್ನು ಒಡನೆ ಕರೆಯಬೇಕು. ಸಾವಿರಾರು ವರ್ಷಗಳ ವಿದ್ಯೆಯ ಫಲ ಗಾಯಾಳುವಿಗೆ ದಕ್ಕಬೇಕಾದರೆ, ಅವನ ಉಸಿರು ಆಸ್ಪತ್ರೆಯ ಬಾಗಿಲವರೆಗೆ ಉಳಿದಿರಬೇಕಷ್ಟೆ.