ಚಾರ್ಮಾಡಿಯಿಂದ ಬೆಂಗಳೂರಿಗೆ: ವಾಯುಮಾರ್ಗದ ದೂರ ಹಾಗೂ ಪ್ರಯಾಣದ ಅವಧಿ

ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ ಹಾಗೂ ಸುತ್ತಮುತ್ತಲಿನ ಗ್ರಾಮಗಳ ಸಾರ್ವಜನಿಕರು ಸಂದರ್ಶನ, ನ್ಯಾಯಾಲಯದ ವಿಚಾರಣೆ, ವೈದ್ಯಕೀಯ ತಪಾಸಣೆ ಮುಂತಾದ ಕಾರ್ಯಗಳಿಗಾಗಿ ನಿಗದಿತ ವೇಳೆಗೆ ಬೆಂಗಳೂರು ತಲುಪಬೇಕಾದಲ್ಲಿ, ಪ್ರಯಾಣಕ್ಕೆ ಮುನ್ನ ಗಮನಿಸಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

1. ವಾಯುದೂರ ಮತ್ತು ರಸ್ತೆ ದೂರ

ಎರಡು ಸ್ಥಳಗಳ ನಡುವಿನ ನೇರ ಅಂತರಕ್ಕೆ ವಾಯುದೂರ ಎನ್ನಲಾಗುತ್ತದೆ. ಚಾರ್ಮಾಡಿಯಿಂದ ಬೆಂಗಳೂರಿಗೆ ಇದು ಸುಮಾರು 235 ಕಿ.ಮೀ. ಆದರೆ ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು, ಹಾಸನ ಮಾರ್ಗವಾಗಿ ರಸ್ತೆಯಲ್ಲಿ ಕ್ರಮಿಸಬೇಕಾದ ದೂರ ಸುಮಾರು 300 ಕಿ.ಮೀ. ಪಶ್ಚಿಮ ಘಟ್ಟವನ್ನು ತಿರುವುಗಳ ಮೂಲಕ ಏರಬೇಕಾಗಿರುವುದು ಈ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣವಾಗಿದೆ.

2. ವಿಮಾನದ ಮೂಲಕ ಪ್ರಯಾಣ

ಸಮೀಪದ ವಿಮಾನ ನಿಲ್ದಾಣವು ಬಜಪೆಯಲ್ಲಿರುವ ಮಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಾಗಿದ್ದು, ಇದು 1951ರಲ್ಲಿ ಆರಂಭವಾಯಿತು. ಇಲ್ಲಿಂದ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ವಾಯುದೂರ ಸುಮಾರು 306 ಕಿ.ಮೀ. ಬೆಂಗಳೂರು ಪೂರ್ವ ದಿಕ್ಕಿನಲ್ಲಿದ್ದರೂ ಚಾರ್ಮಾಡಿಯ ಪ್ರಯಾಣಿಕರು ವಿಮಾನವೇರಲು ಮೊದಲು ಪಶ್ಚಿಮಕ್ಕೆ ಸಾಗಬೇಕಾಗುತ್ತದೆ. ಅಂದಾಜು ಅವಧಿ:

ಅ) ಚಾರ್ಮಾಡಿಯಿಂದ ಬಜಪೆಗೆ ರಸ್ತೆ ಪ್ರಯಾಣ: 2ರಿಂದ 2½ ಗಂಟೆ
ಆ) ನಿಲ್ದಾಣದಲ್ಲಿ ತಪಾಸಣೆ ಹಾಗೂ ನಿರೀಕ್ಷಣೆ: 2 ಗಂಟೆ
ಇ) ವಿಮಾನ ಪ್ರಯಾಣ: ಸುಮಾರು 1 ಗಂಟೆ
ಈ) ಸಾಮಾನು ಪಡೆದು ಹೊರಬರಲು: ½ ಗಂಟೆ
ಉ) ದೇವನಹಳ್ಳಿಯಿಂದ ನಗರದ ಕೇಂದ್ರ ಭಾಗಕ್ಕೆ: 1ರಿಂದ 1½ ಗಂಟೆ

ಒಟ್ಟು: 6½ರಿಂದ 7½ ಗಂಟೆ

3. ರಸ್ತೆಯ ಮೂಲಕ ಪ್ರಯಾಣ

ಚಾರ್ಮಾಡಿ ಘಾಟಿಯ ಮೂಲಕ ಬೆಂಗಳೂರು ತಲುಪಲು ಸಾಮಾನ್ಯವಾಗಿ 6½ರಿಂದ 7½ ಗಂಟೆ ಬೇಕಾಗುತ್ತದೆ. ಆದ್ದರಿಂದ ವಿಮಾನದ ಅವಧಿ ಒಂದೇ ಗಂಟೆಯಾದರೂ, ಮನೆಯಿಂದ ಹೊರಟು ಗಮ್ಯಸ್ಥಾನ ತಲುಪುವ ಒಟ್ಟು ಸಮಯದಲ್ಲಿ ಹೆಚ್ಚಿನ ಉಳಿತಾಯವಾಗುವುದಿಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು. ಮಂಗಳೂರು ಅಥವಾ ಬಂಟ್ವಾಳದ ನಿವಾಸಿಗಳಿಗೆ ಮಾತ್ರ ವಿಮಾನದಿಂದ ಗಣನೀಯ ಅನುಕೂಲವಿದೆ.

4. ಮಳೆಗಾಲದ ಸೂಚನೆಗಳು

• 2019ರ ಆಗಸ್ಟ್‌ನಲ್ಲಿ ಭೂಕುಸಿತದಿಂದಾಗಿ ಚಾರ್ಮಾಡಿ ಘಾಟಿಯಲ್ಲಿ ಸಂಚಾರ ಸ್ಥಗಿತಗೊಂಡಿತ್ತು. ಭಾರಿ ಮಳೆಯ ಸಂದರ್ಭದಲ್ಲಿ ಭಾರಿ ವಾಹನಗಳಿಗೆ ಅಥವಾ ರಾತ್ರಿ ಸಂಚಾರಕ್ಕೆ ಜಿಲ್ಲಾಡಳಿತವು ನಿರ್ಬಂಧ ವಿಧಿಸುವ ಸಾಧ್ಯತೆ ಇರುತ್ತದೆ. ದಕ್ಷಿಣ ಕನ್ನಡ ಹಾಗೂ ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಪ್ರಕಟಣೆಗಳನ್ನು ಪರಿಶೀಲಿಸುವುದು.

• ಘಾಟಿ ಮುಚ್ಚಿದಲ್ಲಿ ಉಜಿರೆ, ಧರ್ಮಸ್ಥಳ, ಕೊಕ್ಕಡ ಮಾರ್ಗವಾಗಿ ರಾಷ್ಟ್ರೀಯ ಹೆದ್ದಾರಿ 75ನ್ನು ಸೇರಿ ಶಿರಾಡಿ ಘಾಟಿಯ ಮೂಲಕ ತೆರಳಬಹುದು. ಆದರೆ ಶಿರಾಡಿಯಲ್ಲಿಯೂ ಭೂಕುಸಿತದ ಸಂಭವವಿರುವುದರಿಂದ ಅಲ್ಲಿನ ಸ್ಥಿತಿಯನ್ನೂ ಮೊದಲೇ ವಿಚಾರಿಸುವುದು.

• ಬಜಪೆಯ ನಿಲ್ದಾಣವು ಗುಡ್ಡದ ಮೇಲಿರುವುದರಿಂದ ಮಳೆ, ಮಂಜು ಕವಿದಾಗ ವಿಮಾನಗಳು ವಿಳಂಬವಾಗುವ ಅಥವಾ ಬೇರೆ ನಿಲ್ದಾಣಕ್ಕೆ ತಿರುಗಿಸಲ್ಪಡುವ ಸಾಧ್ಯತೆ ಇರುತ್ತದೆ.

5. ಅರ್ಜಿದಾರರಿಗೆ ಸಲಹೆ

ಬೆಳಗಿನ ವೇಳೆಗೆ ಹಾಜರಾಗಬೇಕಾದವರು, ವಿಶೇಷವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಿಂದಿನ ದಿನವೇ ಬೆಂಗಳೂರು ತಲುಪುವುದು ಸೂಕ್ತ. ಮೂಲ ದಾಖಲೆಗಳನ್ನು ಕೈಚೀಲದಲ್ಲಿಯೇ ಇರಿಸಿಕೊಳ್ಳುವುದು. ಮಾರ್ಗಮಧ್ಯೆ ತುರ್ತು ಪರಿಸ್ಥಿತಿ ಉಂಟಾದಲ್ಲಿ 112ಕ್ಕೆ ಹಾಗೂ ಆಂಬುಲೆನ್ಸ್ ಸೇವೆಗಾಗಿ 108ಕ್ಕೆ ಕರೆ ಮಾಡಬಹುದು.

ಮೇಲೆ ತಿಳಿಸಿದ ದೂರ ಹಾಗೂ ಅವಧಿಗಳು ಅಂದಾಜಿನವಾಗಿದ್ದು, ಹವಾಮಾನ ಮತ್ತು ವಾಹನ ದಟ್ಟಣೆಗೆ ಅನುಗುಣವಾಗಿ ವ್ಯತ್ಯಾಸವಾಗಬಹುದು.