ಸೂಜಿ ಇಲ್ಲದೆ ಕೂಡಿದ ಮೂಗು

ಊರಲ್ಲಿ ಯಾರಿಗಾದರೂ ಕುಡಗೋಲು ತಾಗಿದರೆ, ಬೈಕಿನಿಂದ ಬಿದ್ದರೆ, ನೋಡಲು ಬಂದವರು ಮೊದಲು ಕೇಳುವುದು "ಎಷ್ಟು ಹೊಲಿಗಿ ಬಿದ್ದಾವು?" ಅಂತ. ಹೊಲಿಗೆ ಹೆಚ್ಚಿದ್ದಷ್ಟು ಚಿಕಿತ್ಸೆ ಗಟ್ಟಿ ಎಂಬ ಲೆಕ್ಕ. ಅದಕ್ಕೇ ಡಾಕ್ಟರು ಬರೀ ಅಂಟು ಹಚ್ಚಿ ಕಳಿಸಿದರೆ ಗದಗ, ಮುಂಡರಗಿ ಕಡೆ ಎಷ್ಟೋ ಮಂದಿಗೆ ಸಮಾಧಾನ ಇಲ್ಲ. ಇದೇನೋ ಹೊಸ ಆಟ ಅನ್ನುತ್ತಾರೆ.

ಹೊಸದೇನಲ್ಲ. ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ 1790ರಿಂದ 1792ರವರೆಗೆ ಯುದ್ಧ ನಡೆಯಿತು. ನಮ್ಮ ಧಾರವಾಡದ ಕೋಟೆಗೂ ಆಗ ತಿಂಗಳುಗಟ್ಟಲೆ ಮುತ್ತಿಗೆ ಬಿದ್ದಿತ್ತು. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಎಂಬ ಮರಾಠ ಈ ಯುದ್ಧದಲ್ಲಿ ಸೆರೆಸಿಕ್ಕ. ಅವನ ಮೂಗು ಮತ್ತು ಒಂದು ಕೈಯನ್ನು ಕತ್ತರಿಸಲಾಯಿತು ಎಂದು ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' 1794ರ ಅಕ್ಟೋಬರ್‌ನಲ್ಲಿ ಬರೆಯಿತು.

ವರ್ಷದ ಮೇಲೆ ಮೂಗಿಲ್ಲದೆ ಬದುಕಿದವನಿಗೆ ಪುಣೆ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಹೊಸ ಮೂಗು ಕೂಡಿಸಿದ. ಮೊದಲು ಮೇಣದಲ್ಲಿ ಮೂಗಿನ ಅಳತೆ ತೆಗೆದ. ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದ. ಗೆರೆಯ ಪ್ರಕಾರ ಚರ್ಮ ಬಿಡಿಸಿದ, ಆದರೆ ಪೂರ್ತಿ ಕಿತ್ತುಕೊಳ್ಳಲಿಲ್ಲ. ಹುಬ್ಬುಗಳ ನಡುವೆ ಒಂದು ಪಟ್ಟಿ ಉಳಿಸಿದ, ರಕ್ತ ಹರಿಯಲಿ ಅಂತ. ಆ ಚರ್ಮವನ್ನು ಕೆಳಗೆ ತಿರುವಿ, ಮೂಗಿದ್ದ ಜಾಗದ ಸುತ್ತ ಕೊಯ್ದ ಸಂದಿನಲ್ಲಿ ಸೇರಿಸಿದ.

ಇಷ್ಟು ಮಾಡಿದವನು ಸೂಜಿ ದಾರ ಮುಟ್ಟಲಿಲ್ಲ! ಕಾಚನ್ನು ನೀರಲ್ಲಿ ಮೆತ್ತಗೆ ಮಾಡಿ ಬಟ್ಟೆ ಪಟ್ಟಿಗಳಿಗೆ ಸವರಿ, ಐದಾರು ಪಟ್ಟಿ ಒಂದರ ಮೇಲೊಂದು ಅಂಟಿಸಿದ. ನಾಲ್ಕು ದಿನ ಬಿಚ್ಚಲಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೇ ದಿನ ಹುಬ್ಬಿನ ನಡುವಿನ ಪಟ್ಟಿ ಕತ್ತರಿಸಿದ.

ಕಾಚು ಅಂದರೆ ಎಲೆ ಅಡಿಕೆಗೆ ಹಾಕುವ ಅದೇ ಕಾಚು. ಅದರ ಒಗರು ಚರ್ಮವನ್ನು ಬಿಗಿ ಹಿಡಿಯುತ್ತದೆ. ತಂಗಡಿ ತೊಗಟೆಯಲ್ಲಿ ಚರ್ಮ ಹದ ಮಾಡುವುದೂ ಒಗರಿನಿಂದಲೇ. (ಈಗ ಪಾನ್ ಅಂಗಡಿಯ ಕಾಚನ್ನು ಗಾಯಕ್ಕೆ ಹಚ್ಚಲು ಹೋಗಬೇಡಿ, ಮಾರಾಯರೆ.)

ಈ ಶಸ್ತ್ರಚಿಕಿತ್ಸೆ ನೋಡಿದ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರು ಆ ಪತ್ರಿಕೆಯಲ್ಲಿದೆ. ಕವಾಸ್ಜಿಯ ಚಿತ್ರವೂ ಇದೆ. ಮೂಗು ಕೂಡಿಸಿದ ಇಟ್ಟಿಗೆಯವನ ಹೆಸರು ಮಾತ್ರ ಇಲ್ಲ.

ಇದಕ್ಕೂ ಬಹಳ ಹಿಂದಿನದು ಸುಶ್ರುತ ಸಂಹಿತೆ. ಅದರಲ್ಲಿ ನಾರು, ಕೂದಲಿನಿಂದ ಹೊಲಿಯುವ ಮಾತಿದೆ. ಜೊತೆಗೆ ತೂತು ಬಿದ್ದ ಕರುಳಿನ ಅಂಚು ಕೂಡಿಸಿ ಕರಿ ಇರುವೆಗಳಿಂದ ಕಚ್ಚಿಸಿ, ತಲೆ ಅಲ್ಲೇ ಬಿಟ್ಟು ಮೈ ಕತ್ತರಿಸುವ ವಿಧಾನವೂ ಇದೆ. ಈಗಿನ ಸ್ಟೇಪ್ಲರ್ ಪಿನ್ನಿನ ಕೆಲಸವನ್ನು ಆಗ ಇರುವೆ ಮಾಡಿತು.

ಈಗಿನ ಅಂಟಿನ ಕಥೆ ಶುರುವಾಗಿದ್ದು 1942ರಲ್ಲಿ. ಅಮೆರಿಕದ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿಗಾಜಿಗೆ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ, ಮುಟ್ಟಿದ್ದಕ್ಕೆಲ್ಲ ಅಂಟುವ ಸಯನೋಅಕ್ರಿಲೇಟ್ ಸಿಕ್ಕಿತು. ಉಪಯೋಗವಿಲ್ಲ ಎಂದು ಬದಿಗಿಟ್ಟರು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳ ರಕ್ತ ನಿಲ್ಲಿಸಲು ಅದನ್ನೇ ಸಿಂಪಡಿಸಿದರು. ಚರ್ಮಕ್ಕೆ ಹೊಂದುವಂತೆ ಬದಲಿಸಿದ ಅಂಟಿಗೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ಚರ್ಮದ ತೇವ ತಾಗಿದ ಕೂಡಲೇ ಇದು ಗಟ್ಟಿಯಾಗುತ್ತದೆ. ಐದರಿಂದ ಹತ್ತು ದಿನಕ್ಕೆ ತಾನೇ ಉದುರುತ್ತದೆ.

ಕಿರಾಣಿ ಅಂಗಡಿಯ ಚಿಕ್ಕ ಟ್ಯೂಬಿನ ಗಮ್ಮೂ ಇದೇ ಕುಲದ್ದು, ಆದರೆ ಅದು ಚಪ್ಪಲಿಗೆ, ಬಕೆಟ್ಟಿಗೆ. ಗಾಯಕ್ಕೆ ಹಚ್ಚಿದರೆ ಸುಡುತ್ತದೆ, ಒಳಗಿನ ಮಾಂಸಕ್ಕೆ ಕೆಟ್ಟದ್ದು. ಆಸ್ಪತ್ರೆಯ ಅಂಟು ಕೂಡ ಎಲ್ಲ ಗಾಯಕ್ಕೆ ಆಗದು. ಹಣೆ, ಗದ್ದದ ಮೇಲಿನ ನೇರ, ಚೊಕ್ಕ ಸೀಳಿಗೆ ಸರಿ. ಆಳವಾದ ಗಾಯಕ್ಕೆ, ಮಡಚುವ ಮೊಣಕಾಲು, ಬೆರಳಿನ ಗೆಣ್ಣಿಗೆ ಹೊಲಿಗೆಯೇ ಬೇಕಾಗುತ್ತದೆ. ನಾಯಿ ಕಚ್ಚಿದ್ದನ್ನು ಸಾಮಾನ್ಯವಾಗಿ ಕೂಡಲೇ ಮುಚ್ಚುವುದೇ ಇಲ್ಲ. ಮೊದಲು ಸೋಪು ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಆಮೇಲೆ ಲಸಿಕೆ. ಕುಡಗೋಲಿನ ಗಾಯವಾದರೆ, ಹೊಲಿಗೆ ಇರಲಿ ಅಂಟು ಇರಲಿ, ಧನುರ್ವಾಯುವಿನ ಇಂಜೆಕ್ಷನ್ ಬೇಕೇ ಎಂದು ಕೇಳಿ.

ಅಂಟು ಹಚ್ಚಿಸಿಕೊಂಡು ಮನೆಗೆ ಬಂದ ಮೇಲೆ ಅದರ ಮೇಲೆ ಮುಲಾಮು, ಕೊಬ್ಬರಿ ಎಣ್ಣೆ ಸವರಬೇಡಿ. ಜಿಡ್ಡು ತಾಗಿದರೆ ಅಂಟು ಬಿಡುತ್ತದೆ. ಇಟ್ಟಿಗೆಯವನು ತುಪ್ಪದ ಬಟ್ಟೆ ಇಟ್ಟಿದ್ದು ಕಾಚಿನ ಪಟ್ಟಿ ತೆಗೆದ ಮೇಲೆಯೇ.